ಅಲೆಯ ಫೋಟೋ: ಜೂಮ್ ಮಾಡಿ ತೆಗೆಯೋದಾ, ಆಮೇಲೆ ಕ್ರಾಪ್ ಮಾಡೋದಾ?

ಬಂಡೆಗೆ ಬಡಿದ ಅಲೆ ಎಷ್ಟೆತ್ತರ ಚಿಮ್ಮುತ್ತದೆ ಅಂತ ಮೊದಲೇ ಹೇಳೋಕಾಗಲ್ಲ, ಅಲ್ವಾ? ಜೂಮ್ ಜಾಸ್ತಿಯಾದರೆ ನೊರೆಯ ತುದಿ ಫ್ರೇಮಿನಾಚೆ ಹೋಗುತ್ತದೆ. ಅದು ಮತ್ತೆ ಸಿಗದು. ಅಗಲವಾಗಿ ತೆಗೆದು, ಆಮೇಲೆ ಬೇಡದ ಅಂಚು ಕತ್ತರಿಸಿದರೆ (ಅದೇ ಕ್ರಾಪ್) ಆ ಭಯವಿಲ್ಲ. ವಾಲಿದ ದಿಗಂತ ನೇರ ಮಾಡಲೂ ಅಂಚಿನಲ್ಲಿ ಜಾಗ ಉಳಿಯುತ್ತದೆ.

ಆದರೆ ಕ್ರಾಪ್ ಮಾಡಿದಷ್ಟೂ ವಿವರ ಕಳೆಯುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಉಳಿಯೋದು 6 ಮಾತ್ರ. ಮೊಬೈಲ್ ಪರದೆಗೆ ಧಾರಾಳ, ಗೋಡೆಯ ದೊಡ್ಡ ಪ್ರಿಂಟ್‌ಗೆ ಸಾಲದು. ಹನಿಹನಿಯೂ ಬಿಡಿಯಾಗಿ ಕಾಣಬೇಕಾದರೆ ಲೆನ್ಸಿನ ಜೂಮೇ ಬೇಕು. ಫೋನಿನ ಡಿಜಿಟಲ್ ಜೂಮ್ ಅಲ್ಲ, ಅದೂ ಕ್ರಾಪೇ.

ಅಲೆ ಒಂದೇ ಕಡೆ ಒಡೆಯುತ್ತಿದ್ದರೆ ಹತ್ತು ನಿಮಿಷ ಸುಮ್ನೆ ನೋಡಿ, ಆಮೇಲೆ ಜೂಮ್ ಮಾಡಿ. ಎಲ್ಲೆಲ್ಲೋ ಏಳುತ್ತಿದ್ದರೆ ಅಗಲವಾಗಿಯೇ ತೆಗೆಯಿರಿ. ಕ್ರಾಪ್ ಮಾಡುವಾಗ ನಾನಂತೂ ಅಲೆ ಸಾಗುವ ದಿಕ್ಕಿಗೆ ಜಾಸ್ತಿ ಜಾಗ ಬಿಡುತ್ತೇನೆ.