ಒಂದೇ ಸಲದ ರಾಜಿಯೋ, ಕಂತುಗಳ ಮರುಹೊಂದಾಣಿಕೆಯೋ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವವರೊಬ್ಬರಿಗೆ ನಾಲ್ಕು ಲಕ್ಷ ರೂಪಾಯಿ ಸಾಲ ಸುಸ್ತಿಯಾಗಿದೆ ಎಂದಿಟ್ಟುಕೊಳ್ಳೋಣ. ಬ್ಯಾಂಕು ಎರಡೂವರೆ ಲಕ್ಷಕ್ಕೆ ರಾಜಿಯಾದರೆ ಒಂದೂವರೆ ಲಕ್ಷ ಉಳಿಯುತ್ತದೆ ನಿಜ. ಆದರೆ ಸಾಲದ ವರದಿಯಲ್ಲಿ ಆ ಖಾತೆ ‘ಕ್ಲೋಸ್ಡ್’ (ಪೂರ್ತಿ ತೀರಿದ್ದು) ಎನಿಸಿಕೊಳ್ಳದೆ ‘ಸೆಟಲ್ಡ್’ (ಕಡಿಮೆ ಹಣಕ್ಕೆ ರಾಜಿಯಾದದ್ದು) ಎಂದು ದಾಖಲಾಗುತ್ತದೆ, ಮತ್ತು ಮುಂದೆ ಸಾಲ ಕೊಡುವವರು ಸಾಲ ತೀರಿಸಿದ ಚರಿತ್ರೆಯನ್ನು ಅಳೆಯುವ, 300ರಿಂದ 900ರವರೆಗಿನ ಸಿಬಿಲ್ ಅಂಕದ ಜೊತೆಗೆ ಆ ಪದವನ್ನೂ ಓದುತ್ತಾರೆ. ಇದಲ್ಲದೆ, ರಿಸರ್ವ್ ಬ್ಯಾಂಕಿನ 2023ರ ಜೂನ್ ಸೂಚನೆಯಂತೆ, ಕೃಷಿಯೇತರ ಸಾಲದಲ್ಲಿ ರಾಜಿಯಾದವರಿಗೆ ಆ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ನೀಡುವಂತಿಲ್ಲ. ಸಿಂಧನೂರು, ಗಂಗಾವತಿಯ ಭತ್ತದ ಬೆಳೆಗಾರರ ಕೃಷಿ ಸಾಲಕ್ಕೆ ಈ ಅವಧಿಯನ್ನು ಆಯಾ ಬ್ಯಾಂಕಿನ ನೀತಿಯೇ ನಿರ್ಧರಿಸುವುದರಿಂದ, ಮುಂದಿನ ಹಂಗಾಮಿನ ಬೆಳೆಸಾಲದ ಗತಿಯೇನೆಂದು ಸಹಿಗೆ ಮೊದಲೇ ಕೇಳಬೇಕು.

ಮರುಹೊಂದಾಣಿಕೆಯಲ್ಲಿ, ಅಂದರೆ ಕಂತುಗಳ ಅವಧಿಯನ್ನು ಹಿಗ್ಗಿಸಿಕೊಂಡು ಪೂರ್ತಿ ಸಾಲ ತೀರಿಸುವಲ್ಲಿ, ಬಡ್ಡಿ ಸೇರಿ ಒಟ್ಟು ಹೊರೆ ಹೆಚ್ಚುತ್ತದೆ; ವರದಿಯಲ್ಲಿ ಅದರ ಗುರುತೂ ಬೀಳುತ್ತದೆ. ಆದರೂ ಪೂರ್ತಿ ತೀರಿಸಿದವರ ಖಾತೆ ‘ಕ್ಲೋಸ್ಡ್’ ಆಗುತ್ತದೆ.

ಘಟಕಕ್ಕೆ ಆರ್ಡರ್ ಬರುತ್ತಿದ್ದು, ಎರಡು ವರ್ಷದೊಳಗೆ ಮತ್ತೆ ಬಂಡವಾಳ ಬೇಕಾಗುವುದಾದರೆ ನಾನು ಮರುಹೊಂದಾಣಿಕೆಯನ್ನೇ ಆರಿಸುತ್ತೇನೆ. ಕಂತು ನಿಂತು 90 ದಿನ ದಾಟಿ ಖಾತೆ ಈಗಾಗಲೇ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗಿದ್ದು, ಆದಾಯವೂ ಬತ್ತಿದ್ದರೆ ಅಂಕದ ಚಿಂತೆಗಿಂತ ರಾಜಿಯೇ ಮೇಲು, ಏಕೆಂದರೆ ಅಂಕ ಅಷ್ಟರಲ್ಲಿ ಕುಸಿದೇ ಇರುತ್ತದೆ. ಆಗ ಒಪ್ಪಂದವನ್ನು ಬರಹದಲ್ಲೇ ಪಡೆಯಿರಿ. ಹಣ ಕಟ್ಟಿದ ಮೇಲೆ ಬಾಕಿಯಿಲ್ಲದ ಪತ್ರ ಕೇಳಿ, ವರದಿಯಲ್ಲಿ ತಪ್ಪಿದ್ದರೆ ದೂರು ಕೊಡಿ. ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂಬ ನಿಯಮವಿದೆ.