ಮೂರು ಮಳೆಗಾಲ ಕಂಡ ಫೋನು

2022ರ ಮೇ ತಿಂಗಳಲ್ಲಿ ಉಡುಪಿಯ ಅಂಗಡಿಯೊಂದರಲ್ಲಿ 18,000 ರೂಪಾಯಿ ಕೊಟ್ಟು ಕೊಂಡ ಸ್ಮಾರ್ಟ್‌ಫೋನಿನ ವಿಮರ್ಶೆ ಇದು. ಆ ಮಾದರಿ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲವಾದ್ದರಿಂದ ಹೆಸರು ಹೇಳುವ ಅಗತ್ಯವಿಲ್ಲ. ಮೂರು ಮಳೆಗಾಲ ಕಳೆದ ಮೇಲೂ ನಾನು ಈ ಫೋನಿನ ಬಗ್ಗೆ ತೃಪ್ತನಾಗಿದ್ದೇನೆ. ಆದರೆ ಕೊಳ್ಳುವ ದಿನ ಯಾವುದನ್ನು ನೋಡಿ ಮರುಳಾಗಿದ್ದೆನೋ ಅದಕ್ಕೂ ಈ ತೃಪ್ತಿಗೂ ಸಂಬಂಧವೇ ಇಲ್ಲ.

ಅಂದು ನನ್ನನ್ನು ಸೆಳೆದದ್ದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ 108 ಮೆಗಾಪಿಕ್ಸೆಲ್ ಎಂಬ ಅಂಕಿ. ಇಂಥ ಕ್ಯಾಮೆರಾಗಳು ಸಾಮಾನ್ಯ ಬಳಕೆಯಲ್ಲಿ ಒಂಬತ್ತು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತವೆ ಎಂಬುದು ನನಗೆ ತಿಳಿದದ್ದು ಆಮೇಲೆ. ಪೂರ್ಣ 108 ಮೆಗಾಪಿಕ್ಸೆಲ್‌ನಲ್ಲಿ ನಾನು ತೆಗೆದದ್ದು ಮಲ್ಪೆ ಕಡಲತೀರದ ನಾಲ್ಕೈದು ಚಿತ್ರ, ಅಷ್ಟೆ.

ನಿಜವಾದ ಸಂತೋಷ ಕೊಟ್ಟದ್ದು 5,000 ಎಂಎಎಚ್ ಬ್ಯಾಟರಿ. ಬೆಳಿಗ್ಗೆ ಏಳಕ್ಕೆ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ದಾರಿಯುದ್ದಕ್ಕೂ ಸುದ್ದಿ ಓದಿ, ಕಚೇರಿಯ ಕರೆಗಳನ್ನೆಲ್ಲ ಮುಗಿಸಿ, ರಾತ್ರಿ ಎಂಟಕ್ಕೆ ಮನೆಯ ಮೆಟ್ಟಿಲು ಹತ್ತುವಾಗಲೂ ಮೊದಲ ವರ್ಷ ಅದರಲ್ಲಿ ಶೇ. 40ರಷ್ಟು ಚಾರ್ಜ್ ಉಳಿದಿರುತ್ತಿತ್ತು. ಚಾರ್ಜರನ್ನು ಚೀಲದಲ್ಲಿ ಹೊತ್ತೊಯ್ಯುವ ಅಭ್ಯಾಸವೇ ತಪ್ಪಿಹೋಯಿತು.

ಕರಾವಳಿಯ ಮಳೆಯಲ್ಲಿ ಮಾತ್ರ ಇದರ ದೌರ್ಬಲ್ಯ ಬಯಲಾಗುತ್ತದೆ. ಸ್ಪರ್ಶಪರದೆ ಬೆರಳನ್ನು ಗುರುತಿಸುವುದು ವಿದ್ಯುತ್ತಿನ ಸೂಕ್ಷ್ಮ ವ್ಯತ್ಯಾಸದಿಂದ. ಪರದೆಯ ಮೇಲೆ ಬಿದ್ದ ನೀರಿನ ಹನಿಯೂ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ. ಕಳೆದ ಜುಲೈಯಲ್ಲಿ ಮೀನು ಮಾರ್ಕೆಟಿನಲ್ಲಿ ಬಂಗುಡೆ ಕೊಂಡು ಹಣ ಪಾವತಿಸಲು ನಿಂತರೆ, ಒದ್ದೆ ಹೆಬ್ಬೆರಳನ್ನು ಫಿಂಗರ್‌ಪ್ರಿಂಟ್ ಸೆನ್ಸರ್ ಒಪ್ಪಲಿಲ್ಲ. ಯುಪಿಐ ಪಿನ್ ಒತ್ತಿದರೆ ಮೂರರ ಬದಲು ಆರು ಬೀಳುತ್ತಿತ್ತು. "ಫೋನು ಒರೆಸಿ ಮಾಡಿ ಮಾರಾಯ್ರೆ, ನನಗೇನೂ ಅವಸರ ಇಲ್ಲ" ಎಂದು ಮೀನು ಮಾರುವ ಅಕ್ಕ ತನ್ನ ಬೈರಾಸನ್ನೇ ಮುಂದೆ ಚಾಚಿದರು. ಅದೇ ಸಂಜೆ ಚಾರ್ಜಿಗೆ ಹಾಕಿದಾಗ ಪೋರ್ಟಿನಲ್ಲಿ ತೇವಾಂಶವಿದೆ ಎಂಬ ಎಚ್ಚರಿಕೆ ಬಂತು. ಅಮ್ಮ ಅದನ್ನು ಕುಚ್ಚಲಕ್ಕಿ ಡಬ್ಬದಲ್ಲಿ ಹೂತಿಡಲು ಹೊರಟರು. ಅಕ್ಕಿಯ ಹುಡಿ ಪೋರ್ಟಿನೊಳಗೆ ಸೇರಿದರೆ ಇನ್ನೂ ಕಷ್ಟವೆಂದು ತಡೆದು, ಫ್ಯಾನಿನ ಕೆಳಗೆ ಇಟ್ಟೆ. ಬೆಳಗಾಗುವಾಗ ಸರಿಯಾಗಿತ್ತು.

ಮೂರನೆಯ ವರ್ಷಕ್ಕೆ ಬ್ಯಾಟರಿ ಬಳಲಿತು. ಲಿಥಿಯಂ ಅಯಾನ್ ಬ್ಯಾಟರಿ ನೂರಾರು ಬಾರಿ ತುಂಬಿ ಬರಿದಾದ ಮೇಲೆ ಮೊದಲಿನ ಸಾಮರ್ಥ್ಯ ಕಳೆದುಕೊಳ್ಳುವುದು ಸಹಜ. ಶಾಖವೂ, ರಾತ್ರಿಯಿಡೀ ಶೇ. 100ರಲ್ಲಿ ನಿಲ್ಲಿಸುವುದೂ ಆ ಇಳಿಕೆಯನ್ನು ಬೇಗನೆ ತರುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೇ ಫೋನು ಕೆಂಪು ಗೆರೆ ತೋರಿಸತೊಡಗಿತು. ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ, ಫೋನು ಇಲ್ಲೇ ಕೊಟ್ಟು ವಾರ ಬಿಟ್ಟು ಬನ್ನಿ, ಒಳಗಿನ ಮಾಹಿತಿ ಅಳಿಸಿಹೋದರೆ ನಾವು ಜವಾಬ್ದಾರರಲ್ಲ ಎಂದರು. ಬ್ಯಾಂಕಿನ ವ್ಯವಹಾರವೆಲ್ಲ ಅದರಲ್ಲೇ ಇರುವವನು ವಾರ ಬಿಟ್ಟಿರುವುದು ಹೇಗೆ? ಕೊನೆಗೆ ನೆರವಾದದ್ದು ಬಸ್ ನಿಲ್ದಾಣದ ಹತ್ತಿರದ ಪುಟ್ಟ ರಿಪೇರಿ ಅಂಗಡಿ. ಅಲ್ಲಿಯ ಯುವಕ ಹಿಂಬದಿಯನ್ನು ಬಿಸಿ ಮಾಡಿ ಅಂಟು ಸಡಿಲಿಸಿ, ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಸುತ್ತಲೂ ಮೆಲ್ಲನೆ ಜಾರಿಸಿ, ನಡುವೆ ತುಸು ಉಬ್ಬಿದ್ದ ಹಳೆಯ ಬ್ಯಾಟರಿಯನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟ. ಮುಕ್ಕಾಲು ಗಂಟೆಯ ಕೆಲಸ, 1,600 ರೂಪಾಯಿ. ನನ್ನ ಲೆಕ್ಕದಲ್ಲಿ ಈ ಫೋನಿಗೆ ನಾನು ಮಾಡಿದ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ.

ಸಾಫ್ಟ್‌ವೇರ್ ವಿಷಯದಲ್ಲಿ ನನಗೆ ಅಸಮಾಧಾನವಿದೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಎರಡು ವರ್ಷಕ್ಕೇ ನಿಂತುಹೋದವು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದವು. ಆದರೆ ಅವೆರಡೂ ನನ್ನ ಬಜೆಟ್ಟಿಗೆ ಎಟುಕುವಂಥವಲ್ಲ. ಮುಂದಿನ ಫೋನು ಕೊಳ್ಳುವಾಗ ಅಂಗಡಿಯವರಲ್ಲಿ ನಾನು ಮೊದಲು ಕೇಳುವುದು ಅಪ್‌ಡೇಟ್ ಎಷ್ಟು ವರ್ಷ, ಬ್ಯಾಟರಿ ಬದಲಿಸಲು ಎಷ್ಟು ಹಣ ಎಂಬುದನ್ನೇ.

ಸದ್ಯಕ್ಕೆ ಬದಲಿಸುವ ಯೋಚನೆಯಿಲ್ಲ. ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಮೊದಲಿನ ಶಕ್ತಿ ಇರುವುದಿಲ್ಲವೆಂದು ರಿಪೇರಿಯವನು ಎಚ್ಚರಿಸಿದ್ದಾನೆ. ಹಾಗಾಗಿ ಬರುವ ಜೂನ್ ತಿಂಗಳಿಗೆಂದು ಗಟ್ಟಿಯಾದ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ಈಗಲೇ ಚೀಲದ ಮುಂದಿನ ಜೇಬಿನಲ್ಲಿ ಮಡಚಿ ಇಟ್ಟುಕೊಂಡಿದ್ದೇನೆ.