ಕೈಕೊಡುವ ಲ್ಯಾನ್ ಕೇಬಲ್: ಚಪ್ಪಟೆಯೋ, ಸಿಸಿಎಯೋ, ತಾಮ್ರವೋ?

ಕೆಳಗೆ ಚಾವಡಿಯಲ್ಲಿ ಫೈಬರ್ ಮೋಡೆಮ್, ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್, ನಡುವೆ 20 ಮೀಟರ್ ಕೇಬಲ್. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ ಉಂಟು. ಮುರಕಲ್ಲಿನ ದಪ್ಪ ಗೋಡೆ ದಾಟುವಾಗ ವೈಫೈ ಸೋಲುತ್ತದೆ ಅಂತಲೇ ಕೇಬಲ್ ಎಳೆಸಿರುತ್ತೇವೆ. ಅದೇ ಗಳಿಗೆಗೊಮ್ಮೆ ಕಡಿಯತೊಡಗಿದರೆ ಬದಲಿಗೆ ಏನು ಹಾಕುವುದು? ಚಪ್ಪಟೆ, ಸಿಸಿಎ (ತಾಮ್ರ ಲೇಪಿಸಿದ ಅಲ್ಯೂಮಿನಿಯಂ), ತಾಮ್ರ, ಈ ಮೂರೂ ಬಗೆ ಬಳಸಿ ನೋಡಿದ ಮೇಲೆ ನನ್ನ ಓಟು ಒಂದಕ್ಕೇ: ಅಪ್ಪಟ ತಾಮ್ರದ ಕ್ಯಾಟ್6 (ಲ್ಯಾನ್ ಕೇಬಲಿನ ಒಂದು ದರ್ಜೆ), ಎರಡೂ ತುದಿಗೆ ಗೋಡೆಯಲ್ಲಿ ಕೀಸ್ಟೋನ್ ಜ್ಯಾಕ್ (ಪ್ಲಗ್ ಸಿಕ್ಕಿಸುವ ಸಾಕೆಟ್), ಅಲ್ಲಿಂದ ಮುಂದೆ ಒಂದೊಂದು ಮೀಟರಿನ ರೆಡಿಮೇಡ್ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್).

ದುಡ್ಡು ಹಾಕುವ ಮೊದಲು ತಪ್ಪು ಕೇಬಲಿನದ್ದೇ ಅಂತ ಖಚಿತವಾಗಬೇಕು. ಮೋಡೆಮ್ಮಿನ ವಿಳಾಸಕ್ಕೆ (ಹೆಚ್ಚಾಗಿ 192.168.1.1) ಬಿಡದೆ ಪಿಂಗ್ (ಉತ್ತರ ಬರುತ್ತದೋ ಅಂತ ನೋಡುವ ಕಮಾಂಡ್) ಓಡಿಸಿ. ಅಲ್ಲಿಂದಲೇ ಉತ್ತರ ತಪ್ಪುತ್ತಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ತೊಂದರೆ ಮನೆಯೊಳಗೇ ಉಂಟು. ಪಿಂಗ್ ಓಡುತ್ತಿರುವಾಗಲೇ ಪ್ಲಗ್ಗಿನ ಬುಡ ಮೆಲ್ಲ ಅಲ್ಲಾಡಿಸಿ, ಆಗಲೇ ಉತ್ತರ ನಿಂತರೆ ಸಂಶಯ ಆ ತುದಿಯ ಮೇಲೆ. ವಿಂಡೋಸಿನ ಈಥರ್ನೆಟ್ ಸ್ಟೇಟಸಿನಲ್ಲಿ ಸ್ಪೀಡನ್ನೂ ನೋಡಿ. ಎರಡು ಬದಿಗೂ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದ್ದು 100 ಎಂಬಿಪಿಎಸ್ ಮಾತ್ರ ತೋರಿಸಿದರೆ ಹೆಚ್ಚಾಗಿ ಕೇಬಲಿನೊಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ನೀಲಿ ಅಥವಾ ಕಂದು ಜೋಡಿ ಹಿಡಿದಿಲ್ಲ. 100ಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಕೊನೆಗೆ ಕಂಪ್ಯೂಟರನ್ನೇ ಮೋಡೆಮ್ ಪಕ್ಕ ತಂದು ಗಿಡ್ಡ ಕೇಬಲಿನಲ್ಲಿ ಸಿಕ್ಕಿಸಿ, ಮೋಡೆಮ್ಮಿನ ಪೋರ್ಟನ್ನೂ ಬದಲಿಸಿ ನೋಡಿ. ಆಗಲೂ ಕಡಿದರೆ ಕಂಪ್ಯೂಟರಿನ ಪೋರ್ಟನ್ನೇ ಸಂಶಯಿಸಬೇಕು. ಅದಕ್ಕೆ ಯುಎಸ್‌ಬಿ 3.0 ಪೋರ್ಟಿಗೆ ಸಿಕ್ಕಿಸುವ ಗಿಗಾಬಿಟ್ ಲ್ಯಾನ್ ಅಡಾಪ್ಟರ್ ಸಾಕು.

ಚಪ್ಪಟೆ ಕೇಬಲ್ ಬಾಗಿಲ ಸಂದಿಯಲ್ಲಿ ನುಸುಳುತ್ತದೆ, ಒಳಗಿನ ತಂತಿ ಮಾತ್ರ ಬಲು ತೆಳು. ಗೋಡೆಗೆ ಮೊಳೆ ಹೊಡೆಯುವಂತಿಲ್ಲದ ಮಣಿಪಾಲದ ಬಾಡಿಗೆ ಕೋಣೆಗಾದರೆ ನಡೆದೀತು.

ಸಿಸಿಎ ಅಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಅಗ್ಗದ ಕ್ಯಾಟ್6 ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಇದೇ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸು ಕೊಡಿ. ಅಷ್ಟೇ ದಪ್ಪದ ತಾಮ್ರಕ್ಕಿಂತ ಇದರ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು, ಎರಡು ಸಲ ಬಗ್ಗಿಸಿದರೆ ಮುರಿಯುವ ಭಯ ಬೇರೆ. ಪ್ಲಗ್ಗಿನ ಹಲ್ಲು ಲೇಪವನ್ನು ಸೀಳಿದ ಜಾಗದಲ್ಲಿ ಎರಡು ಲೋಹ ಒಟ್ಟಿಗೆ ತೆರೆದುಕೊಳ್ಳುತ್ತವೆ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪಿನ ತೇವ ತಾಗಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಕೇಬಲ್ ಮಳೆಗಾಲದ ಆಟಿ ತಿಂಗಳಲ್ಲಿ ಕಡಿಯತೊಡಗಲು ಇದೊಂದು ಕಾರಣ.

ತಾಮ್ರ ಹಾಕಿಸಿದರೂ ಕಾಡುವ ಒಂದು ಉಪದ್ರ ಉಂಟು, ತುದಿಯ ಪ್ಲಗ್. ಕೇಬಲ್ ಎಳೆಯುವ ಕೆಲವರು ಎರಡೂ ಬದಿಗೆ ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿಗಳನ್ನು ಸಾಲಾಗಿ ಕೂರಿಸಿ ಕ್ರಿಂಪ್ ಮಾಡಿ (ಪ್ಲಗ್ ಒತ್ತಿ ಕೂರಿಸಿ) ಬಿಡುತ್ತಾರೆ. ಲೈಟ್ ಮಿನುಗುವ ಅಗ್ಗದ ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ಎಲ್ಲ ಸರಿ ಕಾಣುತ್ತದೆ, ಏಕೆಂದರೆ ಅದು ನೋಡುವುದು ತಂತಿ ಮುಟ್ಟಿದೆಯೋ ಇಲ್ಲವೋ ಅಂತ ಮಾತ್ರ. ಆದರೆ 3 ಮತ್ತು 6ನೇ ಪಿನ್ನಿನ ತಂತಿಗಳು ಒಂದಕ್ಕೊಂದು ಹೆಣೆದ ಒಂದೇ ಜೋಡಿಯಾಗಿರಬೇಕು. ಇಲ್ಲದಿದ್ದರೆ ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರಿ ಪ್ಯಾಕೆಟ್ (ಡೇಟಾದ ತುಣುಕು) ಬಿದ್ದುಹೋಗುತ್ತದೆ. ಒಂದರಿಂದ ಎಂಟನೇ ಪಿನ್‌ವರೆಗೆ ಸರಿಯಾದ ಬಿ ಕ್ರಮ (ಟಿ568ಬಿ ಎಂಬ ಬಣ್ಣದ ಕ್ರಮ): ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಅದು ಸರಿಯಿದ್ದರೂ ಹೊರಗಿನ ಸಿಪ್ಪೆ ಪ್ಲಗ್ಗಿನೊಳಗಿನ ಹಿಡಿಗೆ ಸಿಗದಿದ್ದರೆ ಎಳೆತವೆಲ್ಲ ಎಂಟು ತಂತಿಗಳ ಮೇಲೆಯೇ ಬೀಳುತ್ತದೆ. ಕ್ಯಾಟ್6ರ ದಪ್ಪ ತಂತಿ ಕ್ಯಾಟ್5ಇ (ಅದರ ಕೆಳಗಿನ ದರ್ಜೆ) ಪ್ಲಗ್ಗಿನ ತುದಿವರೆಗೆ ಹೋಗದೆ ಅರ್ಧದಲ್ಲೇ ನಿಲ್ಲುವುದೂ ಉಂಟು. ಪ್ಲಗ್ಗನ್ನು ಎದುರಿನಿಂದ ಬೆಳಕಿಗೆ ಹಿಡಿದರೆ ಎಂಟು ತುದಿಗಳೂ ಹೊಳೆಯುವುದು ಕಾಣಬೇಕು.

ಜ್ಯಾಕಿನಲ್ಲಿ ಈ ಕಷ್ಟ ಬಹಳ ಕಡಿಮೆ. ಬಣ್ಣ ಅದರ ಮೇಲೆಯೇ ಗುರುತು ಮಾಡಿರುತ್ತದೆ. ತಂತಿಯನ್ನು ಸೀಳಿಗೆ ಇಟ್ಟು ಪಂಚ್ ಟೂಲಿನಿಂದ ಒತ್ತಿದರೆ ಆಯಿತು, ಹೆಣಿಗೆ ಬಿಚ್ಚುವುದು 13 ಮಿ.ಮೀ. ಮೀರಬಾರದು ಅಷ್ಟೇ. ಎರಡೂ ತುದಿಗೆ ಬಿ ಗುರುತನ್ನೇ ಹಿಡಿಯಿರಿ.

ನನಗೆ ಜ್ಯಾಕ್ ಇಷ್ಟವಾಗಲು ಸಿಡಿಲೂ ಕಾರಣ. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಗುಡುಗು ಕೇಳುವ ಮೊದಲೇ ಮೋಡೆಮ್ಮಿನ ಕರೆಂಟ್ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡುವುದು ನನ್ನ ಅಭ್ಯಾಸ. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟ್ ಲೈನಿನಿಂದ ಬಂದ ಏಟು ಮೋಡೆಮ್ ದಾಟಿ ಕಂಪ್ಯೂಟರಿನ ಪೋರ್ಟನ್ನು ಸುಡಬಲ್ಲದು. ಹೀಗೆ ಕಿತ್ತು ಸಿಕ್ಕಿಸುವಾಗ ಪ್ಲಗ್ಗಿನ ನಾಲಗೆ ಮುರಿಯುತ್ತದೆ, ಆಮೇಲೆ ಅದು ಸಡಿಲವಾಗಿಯೇ ಕೂರುತ್ತದೆ. ಪ್ಯಾಚ್ ಕಾರ್ಡ್ ಆದರೆ ಒಂದು ಮೀಟರ್ ತುಂಡು ಬದಲಿಸಿದರೆ ಮುಗಿಯಿತು, ಗೋಡೆಯ ಕೇಬಲ್ ಮುಟ್ಟುವುದೇ ಬೇಡ. ಕೊಳ್ಳುವಾಗ ಪಿನ್ನಿಗೆ 50 ಮೈಕ್ರೋಇಂಚು ಚಿನ್ನದ ಲೇಪ ಇರುವುದನ್ನೇ ಕೇಳಿ. ತೆಳು ಲೇಪದ್ದು ಉಪ್ಪುಗಾಳಿಗೆ ಬೇಗ ಹಸಿರುಗಟ್ಟುತ್ತದೆ.

ಜ್ಯಾಕ್, ಬಾಕ್ಸ್, ಕಾರ್ಡ್ ಎಲ್ಲ ಸೇರಿದರೆ ಸಿಸಿಎಗಿಂತ ಖರ್ಚು ಜಾಸ್ತಿಯೇ. ಆದರೆ 305 ಮೀಟರಿನ ಪೂರಾ ಬಾಕ್ಸ್ ಬೇಡ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಂಗಡಿ ಹುಡುಕಿ. ಅಂಗಳ ದಾಟಿ ಇನ್ನೊಂದು ಮನೆಗೆ ಎಳೆಯುವುದಾದರೆ ಸಿಡಿಲಿನ ಭಯಕ್ಕೆ ತಾಮ್ರ ಬೇಡವೇ ಬೇಡ, ಫೈಬರೇ ಹಾಕಿ. ಕೈ ಬಿಗಿಯಿದ್ದು, ಹಳೆಯ ಕೇಬಲ್ ಕೆರೆದಾಗ ಒಳಗೂ ಕೆಂಪಗೇ ಇದ್ದರೆ ಅದನ್ನು ಕೀಳಬೇಡಿ. ಎರಡೂ ತುದಿ ಗೇಣುದ್ದ ಕತ್ತರಿಸಿ ತೆಗೆದು ಜ್ಯಾಕ್ ಕೂರಿಸಿ.